ದೇವದೂತರ ಕೈಗೆ ಬಂದ ಬೀದಿಯ ವಾದ್ಯ

ಮಧ್ಯಯುಗದ ಯೂರೋಪಿನ ಚರ್ಚುಗಳಲ್ಲಿ ಬಲಿಪೂಜೆಯ ವೇಳೆ ಹಾಡುತ್ತಿದ್ದ ‘ಸಾಂಕ್ಟಸ್’ ದೇವದೂತರದೇ ಹಾಡೆಂಬ ನಂಬಿಕೆಯಿತ್ತು. ಪ್ರವಾದಿ ಯೆಶಾಯನ ದರ್ಶನದಲ್ಲಿ ಸೆರಾಫಿಯರೆಂಬ ದೇವದೂತರು ಒಬ್ಬರಿಗೊಬ್ಬರು ಕೂಗಿ ಹೇಳುವ ಸ್ತುತಿ ಅದು. ಹಾಗಾಗಿ ಭೂಮಿಯ ಗಾಯನ ಸ್ವರ್ಗದ ಗಾಯನವನ್ನು ಅನುಸರಿಸುತ್ತದೆ ಎಂದು ಪಂಡಿತರು ಬಗೆದರು. ಕಲ್ಲಿನಲ್ಲೂ ಬಣ್ಣದಲ್ಲೂ ಉಳಿದಿರುವ ಸಾಕ್ಷ್ಯ ಇದಕ್ಕೆ ತಿರುವುಮುರುವಾಗಿದೆ. ಸ್ವರ್ಗದ ಸಂಗೀತಕ್ಕೆ ರೂಪ ಕೊಟ್ಟವರು ಭೂಮಿಯ ಕಲಾವಿದರು, ಅವರಲ್ಲೂ ಚರ್ಚು ಕೀಳಾಗಿ ಕಂಡ ಅಲೆಮಾರಿ ವಾದ್ಯಗಾರರು. 1100ರ ಆಸುಪಾಸಿನಲ್ಲಿ ಧರ್ಮಪಂಡಿತ ಹೊನೋರಿಯಸ್ ಬರೆದ ‘ಎಲುಸಿಡೇರಿಯಂ’ ಎಂಬ ಪ್ರಶ್ನೋತ್ತರ ಗ್ರಂಥ ಇಂಥವರಿಗೆ ಮೋಕ್ಷದ ಆಸೆಯೇ ಇಲ್ಲವೆಂದು ತೀರ್ಪಿತ್ತಿತು. 13ನೆಯ ಶತಮಾನದಲ್ಲಿ ಧರ್ಮಚಿಂತಕ ಥಾಮಸ್ ಅಕ್ವೈನಾಸ್ ದೇವರ ಸ್ತುತಿಗೆ ಹಾಡನ್ನು ಒಪ್ಪಿದ, ವಾದ್ಯಗಳನ್ನು ಒಪ್ಪಲಿಲ್ಲ. ಅವನ ಪ್ರಕಾರ ದೇವದೂತರಿಗೆ ಸ್ವಂತ ದೇಹವೇ ಇಲ್ಲ, ಅವರ ಮಾತಿಗೆ ಸದ್ದೂ ಬೇಕಿಲ್ಲ.

ಇಂಗ್ಲೆಂಡಿನ ಎಕ್ಸೆಟರ್ ಕ್ಯಾಥೆಡ್ರಲ್ಲಿನ ಗೋಡೆಯ ಮೇಲಿರುವ ವಾದ್ಯಗಾರರ ಮೊಗಸಾಲೆಯನ್ನು ನೋಡಬೇಕು. 14ನೆಯ ಶತಮಾನದ ನಡುಭಾಗದ ಈ ಕೆತ್ತನೆಯಲ್ಲಿ ಸಾಲಾಗಿ ನಿಂತ ದೇವದೂತರು ಹಾರ್ಪ್, ಪಿಟೀಲಿನಂಥ ವಾದ್ಯ, ತುತ್ತೂರಿ, ತಾಳ ಹಿಡಿದಿದ್ದಾರೆ. ಒಬ್ಬನ ಕೈಯಲ್ಲಿ ಬ್ಯಾಗ್‌ಪೈಪ್ ಇದೆ. ಇವೆಲ್ಲ ಬೈಬಲ್ಲಿನ 150ನೆಯ ಕೀರ್ತನೆ ಹೆಸರಿಸುವ ವಾದ್ಯಗಳ ಚಿತ್ರಣವಷ್ಟೇ ಎಂದು ಆಕ್ಷೇಪಿಸಬಹುದು. ಹಾರ್ಪ್, ತುತ್ತೂರಿ, ತಾಳಗಳ ಮಟ್ಟಿಗೆ ಅದು ಸರಿ. ಆದರೆ ಚರ್ಮದ ಚೀಲಕ್ಕೆ ಗಾಳಿಯೂದಿ ನುಡಿಸುವ ಆ ವಾದ್ಯ ಶಿಲ್ಪಿಯ ಕಣ್ಣಿಗೆ ಬಿದ್ದದ್ದು ಕುರುಬರ ನಡುವೆ, ಜಾತ್ರೆ ಕುಣಿತಗಳಲ್ಲಿ.

1432ರಲ್ಲಿ ಪೂರ್ಣಗೊಂಡ ಗೆಂಟ್ ನಗರದ ವೇದಿಕೆಚಿತ್ರದಲ್ಲಿ ಚಿತ್ರಕಾರರಾದ ವಾನ್ ಐಕ್ ಸಹೋದರರು ಇನ್ನೂ ಮುಂದೆ ಹೋದರು. ಅಲ್ಲಿ ಹಾಡುವ ದೇವದೂತರಿಗೆ ರೆಕ್ಕೆಯಿಲ್ಲ. ಪಾದ್ರಿಗಳಂತೆ ಜರತಾರಿ ನಿಲುವಂಗಿ ತೊಟ್ಟು ಪುಸ್ತಕಪೀಠದ ಮುಂದೆ ಗುಂಪಾಗಿ ನಿಂತಿದ್ದಾರೆ. ಹುಬ್ಬು ಗಂಟಿಕ್ಕಿದೆ, ಒಬ್ಬೊಬ್ಬರ ಬಾಯಿ ಒಂದೊಂದು ಬಗೆಯಲ್ಲಿ ತೆರೆದಿದೆ. ಸ್ವರ ಹಿಡಿಯುವ ಶ್ರಮ ಮುಖದಲ್ಲೇ ಕಾಣುತ್ತದೆ. ಇದು ಕಲಾವಿದರ ಕೈಚಳಕ, ಧರ್ಮಚಿಂತನೆಯಲ್ಲ ಎನ್ನುವವರಿದ್ದಾರೆ. ಆದರೆ ಈ ಚಿತ್ರ ನಿಂತದ್ದು ಪೂಜೆ ನಡೆಯುವ ವೇದಿಕೆಯ ಮೇಲೆ. ಬೆವರಿ ಹಾಡುವ ಮನುಷ್ಯನ ಮುಖ ದೇವದೂತನಿಗೆ ಒಪ್ಪುತ್ತದೆಂದು ಆ ಚರ್ಚು ಒಪ್ಪಿಕೊಂಡಂತಾಯಿತು.

ವಾದ್ಯಗಾರರನ್ನು ಕಾಣುವ ಬಗೆಯಲ್ಲಿ ಕಲೆಯೊಂದೇ ಬದಲಾವಣೆ ತಂದಿತೆನ್ನಲಾಗದು. 13ನೆಯ ಶತಮಾನದ ಆರಂಭದಲ್ಲೇ ಧರ್ಮಪಂಡಿತ ಥಾಮಸ್ ಆಫ್ ಚೋಬಮ್ ಸಂತರ ಕಥೆ ಹಾಡುವ ವಾದ್ಯಗಾರರನ್ನು ಸಹಿಸಬಹುದೆಂದು ಬರೆದಿದ್ದ. ಆದರೂ ಸಹನೆ ಬೇರೆ, ಗೌರವ ಬೇರೆ. ಗ್ರಂಥಗಳು ಸಹನೆಯ ತನಕ ಬಂದು ನಿಂತವು. ಗೌರವ ಕೊಟ್ಟದ್ದು ಉಳಿ ಮತ್ತು ಕುಂಚ. ಮಧ್ಯಯುಗದ ಸಂಗೀತಗಾರರ ಚರಿತ್ರೆ ಬರೆಯುವವರು ಗ್ರಂಥಗಳ ಜೊತೆಗೆ ಈ ಗೋಡೆಗಳನ್ನೂ ಓದಬೇಕು.