ಸ್ಥಿರಾಂಕದ ಪಟ್ಟ ಮತ್ತು ಆವೃತ್ತಿಯ ಲೆಕ್ಕ: ಮಿಲಿಮೀಟರ್ ತರಂಗಗಳಿಗೆ ಡೈಎಲೆಕ್ಟ್ರಿಕ್ ಸಿರಾಮಿಕ್‌ಗಳ ಆಯ್ಕೆ

ಮೊಬೈಲ್ ಟವರಿನ ಫಿಲ್ಟರುಗಳಲ್ಲಿ, ಉಪಗ್ರಹ ಸಂಪರ್ಕದ ಆಂದೋಲಕಗಳಲ್ಲಿ ಬಳಸುವ ಡೈಎಲೆಕ್ಟ್ರಿಕ್ ಸಿರಾಮಿಕ್‌ಗಳನ್ನು ಮೂರು ಅಳತೆಗಳಿಂದ ತೂಗುವುದು ವಾಡಿಕೆ. ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಿದಷ್ಟೂ ಬಿಲ್ಲೆ ಚಿಕ್ಕದಾಗುತ್ತದೆ. ಕ್ಯೂ ಅಂಶ ಹೆಚ್ಚಿದಷ್ಟೂ ಶಕ್ತಿನಷ್ಟ ತಗ್ಗುತ್ತದೆ. ಅನುರಣನ ಆವೃತ್ತಿಯ ಉಷ್ಣತಾ ಗುಣಾಂಕ ಸೊನ್ನೆಗೆ ಹತ್ತಿರವಾದಷ್ಟೂ ಸಾಧನ ಬಿಸಿಲು ಚಳಿಗೆ ಜಗ್ಗುವುದಿಲ್ಲ. ಮೊದಲನೆಯದಕ್ಕೇ ಪಟ್ಟ ಕಟ್ಟುವ ರೂಢಿ ಕೆಳ ಆವೃತ್ತಿಗಳ ಬಳಕೆಯಲ್ಲಿ ಬೆಳೆದದ್ದು. ಆವೃತ್ತಿ ಮಿಲಿಮೀಟರ್ ತರಂಗಗಳ ಕಡೆಗೆ ಏರಿದಂತೆ ಈ ಆದ್ಯತೆಯ ಕ್ರಮ ತಲೆಕೆಳಗಾಗುತ್ತದೆ ಎಂಬುದು ಈ ಲೇಖನದ ವಾದ.

ಡೈಎಲೆಕ್ಟ್ರಿಕ್ ತುಂಡೊಂದು ಅಲೆಯನ್ನು ತನ್ನೊಳಗೇ ಹಿಡಿದಿಟ್ಟು ಅನುರಣಿಸಬಲ್ಲದೆಂದು ಭೌತವಿಜ್ಞಾನಿ ರಿಕ್ಟ್‌ಮೈರ್ 1939ರಲ್ಲೇ ತೋರಿಸಿದ್ದರು. ಆದರೆ ತಕ್ಕ ವಸ್ತು ಒದಗಲು ದಶಕಗಳೇ ಹಿಡಿದವು. ರುಟೈಲ್ ರೂಪದ ಟೈಟಾನಿಯಂ ಡೈಆಕ್ಸೈಡಿನ ಸ್ಥಿರಾಂಕ ಸುಮಾರು 100, ನಷ್ಟವೂ ಕಡಿಮೆ. ಅದು ಸೋತದ್ದು ಉಷ್ಣತೆಯ ಮುಂದೆ. ಅದರ ಆವೃತ್ತಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ದಶಲಕ್ಷದಲ್ಲಿ 450 ಪಾಲಿನಷ್ಟು ಸರಿಯುತ್ತದೆ. 60 ಡಿಗ್ರಿ ವ್ಯತ್ಯಾಸವಾದರೆ 3.5 ಗಿಗಾಹರ್ಟ್ಸ್‌ನ ಫಿಲ್ಟರು ಸುಮಾರು 95 ಮೆಗಾಹರ್ಟ್ಸ್ ಜಾರುತ್ತದೆ. ಈ ಪಟ್ಟಿಯಲ್ಲಿ 5ಜಿಯ ಅತಿ ಅಗಲದ ಚಾನೆಲ್ಲೇ 100 ಮೆಗಾಹರ್ಟ್ಸ್. 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯ ರೂಪಿಸಿದ ಬೇರಿಯಂ ಟೈಟನೇಟ್ ಸಂಯುಕ್ತವೊಂದರ ಸ್ಥಿರಾಂಕ 40ರ ಆಸುಪಾಸು. ಸ್ಥಿರಾಂಕವನ್ನು ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಟ್ಟು ಸ್ಥಿರತೆಯನ್ನು ಪಡೆದಾಗಲೇ ಈ ಸಿರಾಮಿಕ್‌ಗಳು ಬಳಕೆಗೆ ಬಂದವು ಎಂಬುದು ಇಲ್ಲಿ ಗಮನಾರ್ಹ.

ಆವೃತ್ತಿ ಏರಿದಾಗ ಏನಾಗುತ್ತದೆಂದು ಲೆಕ್ಕ ಹಾಕೋಣ. ವಸ್ತುವಿನೊಳಗಿನ ತರಂಗದೂರ ಸ್ಥಿರಾಂಕದ ವರ್ಗಮೂಲದ ಪ್ರಮಾಣದಲ್ಲಿ ಕುಗ್ಗುತ್ತದೆ. 900 ಮೆಗಾಹರ್ಟ್ಸ್‌ನಲ್ಲಿ ಅದು ಗಾಳಿಯಲ್ಲಿ 33 ಸೆಂಟಿಮೀಟರ್, ಸ್ಥಿರಾಂಕ 38 ಇರುವ ಜಿರ್ಕೋನಿಯಂ ಟಿನ್ ಟೈಟನೇಟಿನಲ್ಲಿ 5.4 ಸೆಂಟಿಮೀಟರ್. ಈ ಉಳಿತಾಯ ನಿಜವಾದದ್ದು. 26 ಗಿಗಾಹರ್ಟ್ಸ್‌ನಲ್ಲಾದರೋ ಗಾಳಿಯಲ್ಲೇ ಅದು 11.5 ಮಿಲಿಮೀಟರ್; ಅದೇ ಸಿರಾಮಿಕ್‌ನಲ್ಲಿ 1.9 ಮಿಲಿಮೀಟರಿಗೂ ಕಡಿಮೆ. ಅಷ್ಟು ಅಳತೆಯಲ್ಲಿ 20 ಮೈಕ್ರೋಮೀಟರ್ ಹೆಚ್ಚುಕಡಿಮೆಯಾದರೆ ಆವೃತ್ತಿ ಸುಮಾರು 280 ಮೆಗಾಹರ್ಟ್ಸ್ ತಪ್ಪುತ್ತದೆ. ಸ್ಥಿರಾಂಕ 6 ಆಗಿದ್ದರೆ ತಪ್ಪು 110ರ ಆಸುಪಾಸಿಗೆ ಇಳಿಯುತ್ತದೆ. ನಷ್ಟದ ಲೆಕ್ಕವೂ ಅತ್ತಲೇ ವಾಲುತ್ತದೆ. ಕ್ಯೂ ಮತ್ತು ಆವೃತ್ತಿಗಳ ಗುಣಲಬ್ಧ ಸ್ಥೂಲವಾಗಿ ಬದಲಾಗುವುದಿಲ್ಲ. ಜಿರ್ಕೋನಿಯಂ ಟಿನ್ ಟೈಟನೇಟಿಗೆ ಅದು ಸುಮಾರು 50,000 ಗಿಗಾಹರ್ಟ್ಸ್. ಅಂದರೆ 26 ಗಿಗಾಹರ್ಟ್ಸ್‌ನಲ್ಲಿ ಕ್ಯೂ 1,900ರಷ್ಟು. ಸ್ಥಿರಾಂಕ ಬರೀ 10 ಇರುವ ಶುದ್ಧ ಅಲ್ಯೂಮಿನದಲ್ಲಿ ಗುಣಲಬ್ಧ 3 ಲಕ್ಷ ದಾಟುವುದರಿಂದ ಕ್ಯೂ 11,000ಕ್ಕೂ ಮೇಲೆ ನಿಲ್ಲುತ್ತದೆ.

ಲೋಹದ ವಾಹಕದಲ್ಲಾಗುವ ನಷ್ಟವೇ ದೊಡ್ಡದಿರುವಾಗ ಸಿರಾಮಿಕ್‌ನ ನಷ್ಟಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಆಕ್ಷೇಪ ಕೆಳ ಆವೃತ್ತಿಗಳಿಗೆ ಸರಿ. ಆದರೆ ಲೋಹದ ಮೇಲ್ಮೈ ರೋಧ ಆವೃತ್ತಿಯ ವರ್ಗಮೂಲದಂತೆ ಏರಿದರೆ, ಡೈಎಲೆಕ್ಟ್ರಿಕ್‌ನಿಂದಾಗುವ ಕ್ಷೀಣತೆ ಕನಿಷ್ಠಪಕ್ಷ ಆವೃತ್ತಿಯಷ್ಟೇ ವೇಗವಾಗಿ ಏರುತ್ತದೆ. ಹೀಗಾಗಿ ಒಟ್ಟು ನಷ್ಟದಲ್ಲಿ ಸಿರಾಮಿಕ್‌ನ ಪಾಲು ಹೆಚ್ಚುತ್ತಲೇ ಹೋಗುತ್ತದೆ. ಕಡಿಮೆ ಸ್ಥಿರಾಂಕವೇ ಬೇಕಾದರೆ ಟೆಫ್ಲಾನ್ ಸಾಲದೆ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಅದರ ಸ್ಥಿರಾಂಕ 2.1, ನಷ್ಟವೂ ಅಲ್ಪ. ಆದರೆ ಅದು ಬಿಸಿಗೆ ಸಿರಾಮಿಕ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಶಾಖವನ್ನು ಅಲ್ಯೂಮಿನದ ನೂರರಲ್ಲೊಂದು ಪಾಲಿನಷ್ಟು ಮಾತ್ರ ಸಾಗಿಸುತ್ತದೆ. ಪ್ರೇಷಕದ ಬಿಸಿಯನ್ನು ಹೊರಹಾಕಬೇಕಾದ ಕಡೆ ಇದು ಸಣ್ಣ ಕೊರತೆಯಲ್ಲ.

ಅಲ್ಯೂಮಿನವೂ ನಿರ್ದೋಷಿಯಲ್ಲ. ಅದರ ಉಷ್ಣತಾ ಗುಣಾಂಕ ದಶಲಕ್ಷಕ್ಕೆ ಸುಮಾರು ಋಣ 60. ಇಲ್ಲಿ ನೆರವಿಗೆ ಬರುವುದು ಆ ರುಟೈಲೇ: ವಿರುದ್ಧ ದಿಕ್ಕಿನಲ್ಲಿ ಜಾರುವ ಅದನ್ನು ಅಳತೆಯರಿತು ಬೆರೆಸಿದರೆ ಗುಣಾಂಕ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಸುಡುವ ಉಷ್ಣತೆ ಇನ್ನೊಂದು ತೊಡಕು. ಅಲ್ಯೂಮಿನಕ್ಕೆ 1,600 ಡಿಗ್ರಿಯ ಆಸುಪಾಸು ಬೇಕು. ವಾಹಕವಾಗಿ ಬಳಸುವ ಬೆಳ್ಳಿ 961 ಡಿಗ್ರಿಗೇ ಕರಗುವುದರಿಂದ ಎರಡನ್ನೂ ಒಟ್ಟಿಗೆ ಸುಡಲಾಗದು. ಗಾಜು ಬೆರೆಸಿ ಉಷ್ಣತೆ ಇಳಿಸಿದರೆ ನಷ್ಟ ಏರುತ್ತದೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರು 2014ರಲ್ಲಿ ನೀರಿನ ನೆರವಿನಿಂದ ಕೋಣೆಯ ಉಷ್ಣತೆಯಲ್ಲೇ ಒತ್ತಿ ತಯಾರಿಸಿದ ಲಿಥಿಯಂ ಮಾಲಿಬ್ಡೇಟ್, ಸ್ಥಿರಾಂಕ ಕೇವಲ 5 ಇದ್ದೂ ಗಮನ ಸೆಳೆದದ್ದು ಈ ಕಾರಣದಿಂದ.

700 ಮೆಗಾಹರ್ಟ್ಸ್‌ನಂಥ ಪಟ್ಟಿಗಳು ಬಳಕೆಯಲ್ಲಿರುವವರೆಗೆ ಸ್ಥಿರಾಂಕ 80ರ ಆಸುಪಾಸಿನ ಬೇರಿಯಂ ನಿಯೋಡಿಮಿಯಂ ಟೈಟನೇಟುಗಳಿಗೂ ಕೆಲಸವಿದೆ; ಅವನ್ನು ಕೈಬಿಡಬೇಕೆಂದು ಈ ವಾದ ಹೇಳುವುದಿಲ್ಲ. ಆವೃತ್ತಿಯನ್ನು ಬದಿಗಿಟ್ಟು ಸಿರಾಮಿಕ್‌ಗೆ ದರ್ಜೆ ನೀಡುವುದು ಸಲ್ಲದು ಎಂಬುದಷ್ಟೇ ಅದರ ನಿಲುವು. ಆದ್ದರಿಂದ ಹೊಸ ಸಂಯುಕ್ತಗಳನ್ನು ವರದಿ ಮಾಡುವವರು ಮೂರು ಅಂಕಿಗಳ ಜೊತೆಗೆ ಅಳತೆ ಮಾಡಿದ ಆವೃತ್ತಿಯನ್ನೂ ಸುಟ್ಟ ಉಷ್ಣತೆಯನ್ನೂ ನಮೂದಿಸಬೇಕು. 26 ಗಿಗಾಹರ್ಟ್ಸ್‌ಗೆಂದು ಸೂಚಿಸುವ ವಸ್ತುವನ್ನು ಆ ಆವೃತ್ತಿಯಲ್ಲೇ ಅಳೆಯಬೇಕು.