ಗ್ರೀಫ್ ಎಂಬ ಹೊರೆ

ಬ್ಯಾಂಕಿನವರಾದ ನಮಗೆ 'ಗ್ರೀವನ್ಸ್' ಎಂದರೆ ಒಂದು ಫೈಲು, ಒಂದು ರಿಜಿಸ್ಟರು, ಇಷ್ಟು ದಿನದೊಳಗೆ ಮುಗಿಸಬೇಕೆಂಬ ಒಂದು ಗಡುವು. ರಿಸರ್ವ್ ಬ್ಯಾಂಕು 1995ರಲ್ಲಿ ಓಂಬುಡ್ಸ್‌ಮನ್ ಯೋಜನೆ ತಂದ ಮೇಲಂತೂ ಆ ಪದ ಕೇಳಿದರೆ ಮ್ಯಾನೇಜರುಗಳ ಮುಖ ಸಣ್ಣದಾಗುತ್ತಿತ್ತು. ಆದರೆ ಈ ಪದ ದುಃಖ ಎನ್ನುವ ಅರ್ಥದ 'ಗ್ರೀಫ್'ನ ಒಡಹುಟ್ಟು ಎಂಬುದು ಎಷ್ಟು ಜನರಿಗೆ ಗೊತ್ತು?

ಎರಡರ ಮೂಲವೂ ಲ್ಯಾಟಿನ್ನಿನ 'ಗ್ರಾವಿಸ್', ಅಂದರೆ ಭಾರವಾದದ್ದು. ಅದರಿಂದ ಹಳೆಯ ಫ್ರೆಂಚಿನಲ್ಲಿ ಹೊರೆ ಹೊರಿಸು, ಪೀಡಿಸು ಎಂಬ ಕ್ರಿಯಾಪದ ಹುಟ್ಟಿತು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಯಲ್ಲೂ ಕೋರ್ಟಿನಲ್ಲೂ ಫ್ರೆಂಚಿನದೇ ಕಾರುಬಾರು. ಹಾಗೆ 'ಗ್ರೀಫ್' ಇಂಗ್ಲಿಷಿಗೆ ಬಂತು. ಹಾಗಾದರೆ ಅದಕ್ಕೂ ಮೊದಲು ಇಂಗ್ಲಿಷರಿಗೆ ದುಃಖವೇ ಇರಲಿಲ್ಲವೇ ಅನ್ನಬೇಡಿ! ಅವರದೇ ಹಳೆಯ ಪದ 'ಸಾರೋ' ಇತ್ತು. ಜರ್ಮನ್ನರು ಚಿಂತೆಗೆ ಹೇಳುವ 'ಜೋರ್ಗೆ' ಅದರ ದಾಯಾದಿ. ನಾವು ದಿನಕ್ಕೆ ಹತ್ತು ಸಲ ಹೇಳುವ 'ಸಾರಿ' ಮಾತ್ರ ಅದರಿಂದ ಬಂದದ್ದಲ್ಲ. ಅದು ನೋವು, ಹುಣ್ಣು ಎನ್ನುವ 'ಸೋರ್' ಕಡೆಯದು.

ಮೊದಮೊದಲು ಗ್ರೀಫ್ ಎಂದರೆ ಕಷ್ಟ, ಪೀಡೆ, ಮೈಗಾದ ನೋವು. ಷೇಕ್ಸ್‌ಪಿಯರನ ಫಾಲ್‌ಸ್ಟಾಫ್ ಗಾಯದ ನೋವಿಗೂ ಇದೇ ಪದ ಬಳಸುತ್ತಾನೆ. ಆ ಹಳೆಯ ಅರ್ಥ ಕಾನೂನಿನಲ್ಲಿ ಇನ್ನೂ ಉಳಿದಿದೆ. 1860ರ ಭಾರತೀಯ ದಂಡ ಸಂಹಿತೆಯ 'ಗ್ರೀವಸ್ ಹರ್ಟ್', ಅಂದರೆ ತೀವ್ರ ಗಾಯ, 2024ರ ಜುಲೈನಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಮುಂದುವರಿದಿದೆ.

'ಗ್ರೀವನ್ಸ್' ಬೇರೆ ದಾರಿ ಹಿಡಿಯಿತು. ಮೊದಲು ಅದು ಆದ ಪೀಡೆ, ಆಮೇಲೆ ಪೀಡೆಯ ಬಗೆಗಿನ ದೂರು. 1689ರ ಇಂಗ್ಲೆಂಡಿನ ಹಕ್ಕುಗಳ ಮಸೂದೆಯಲ್ಲಿ, 1791ರ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಆ ಪದ ಕೂತಿದೆ. ಅಲ್ಲಿಂದ ನಮ್ಮ ಕೌಂಟರಿನ ಬೋರ್ಡಿಗೆ!

ಕೆಲವು ವರ್ಷಗಳ ಹಿಂದೆ ಒಬ್ಬ ವಯಸ್ಸಾದ ಹೆಂಗಸು ಗಂಡನ ಠೇವಣಿ ಹಣಕ್ಕಾಗಿ ಓಡಾಡಿ ಸುಸ್ತಾಗಿ ದೂರು ಕೊಟ್ಟಿದ್ದರು. 'ಗ್ರೀವನ್ಸ್ ಏನು' ಎಂಬ ಕಾಲಮ್ಮಿನಲ್ಲಿ ಬರೆದದ್ದು ಗಂಡ ತೀರಿಕೊಂಡ ತಾರೀಖು, ಅಷ್ಟೇ. ಹಣದ ಮಾತೇ ಇಲ್ಲ. ಸಿಬ್ಬಂದಿಯೊಬ್ಬರು ನಕ್ಕರು, ಫಾರಂ ವಾಪಸು ಕೊಟ್ಟು ಸರಿಯಾಗಿ ತುಂಬಿಸಿಕೊಂಡರು. ಪದದ ಚರಿತ್ರೆ ನೋಡಿದರೆ ಆಕೆ ಮೊದಲು ತುಂಬಿದ್ದೇ ಸರಿ.

ನನಗೆ ಎಲ್ಲಕ್ಕಿಂತ ರುಚಿಸಿದ್ದು ಇನ್ನೊಂದು ಸಂಗತಿ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲ ಇರಬೇಕು ಎಂದರಲ್ಲ, ಅದಕ್ಕೆ ಈ ಪದವೇ ಒಳ್ಳೆಯ ಸಾಕ್ಷಿ. ಲ್ಯಾಟಿನ್ನಿನ 'ಗ್ರಾವಿಸ್'ಗೆ ಸಂಸ್ಕೃತದ ಜೋಡಿ 'ಗುರು'. ನಾವು ಛಂದಸ್ಸಿನಲ್ಲಿ ಲಘು-ಗುರು ಎಂದು ಪ್ರಸ್ತಾರ ಹಾಕಿದೆವಲ್ಲ, ಅದೇ ಗುರು. ಮೇಷ್ಟರೂ ಅದೇ. ಆ ಗುರುವಿನಿಂದ ಬಂದದ್ದೇ 'ಗೌರವ'. ಅಂದರೆ ಇಂಗ್ಲಿಷಿನ ದುಃಖವೂ ನಮ್ಮ ಗೌರವವೂ ದೂರದ ನೆಂಟರು! ನ್ಯೂಟನ್ನನ ಗ್ರಾವಿಟಿ, ಹೆರಿಗೆ ಆಸ್ಪತ್ರೆಯ ಕೇಸ್ ಪೇಪರಿನ 'ಗ್ರಾವಿಡಾ' ಎಲ್ಲ ಇದೇ ವಂಶ.

ಅಂದಹಾಗೆ, ಸಮಾಧಿ ಎನ್ನುವ 'ಗ್ರೇವ್' ಈ ಮನೆಯದಲ್ಲ. ಅದು ಅಗೆಯುವುದರಿಂದ ಬಂದದ್ದು.