ಗ್ರೂಪ್ ಶುರು ಮಾಡಿದವರೇ ಅದರ ಹೆಸರಿನ ಮಾಲೀಕರೇ?

ತ್ವರಿತ ನೋಟ

"ಗ್ರೂಪ್ ಕಟ್ಟಿದ್ದು ನಾನು, ಹಾಗಾಗಿ ಹೆಸರೂ ನನ್ನದೇ" ಎಂದು ಅನೇಕ ಅಡ್ಮಿನ್‌ಗಳು ನಂಬಿರುತ್ತಾರೆ. ನಾವು ಪರಿಶೀಲಿಸಿದಾಗ ಇದು ಅರ್ಧ ಸತ್ಯ ಎಂದು ತಿಳಿದುಬಂತು.

ಸಮಸ್ಯೆ ಏನು?

ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ಒಬ್ಬರು ಭತ್ತದ ರೇಟು ತಿಳಿಸುವ ಫೇಸ್‌ಬುಕ್ ಪೇಜ್ ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಸಾವಿರಾರು ರೈತರು ಸೇರಿದ್ದಾರೆ. ಅದೇ ಹೆಸರಿನಲ್ಲಿ ಬೀಜದ ಅಂಗಡಿ ತೆರೆಯುವ ಹೊತ್ತಿಗೆ ಪೇಜ್ ಕೈತಪ್ಪಿದರೆ ಹೆಸರೂ ಹೋದಂತೆಯೇ?

ಇಂಥ ಜಗಳ ಕೋರ್ಟ್‌ಗೆ ಹೋಗಿದೆಯೇ?

ಹೌದು, ಅಮೆರಿಕದಲ್ಲಿ. ಹೈಮೆ ರೊಗೊಜಿನ್ಸ್ಕಿ 2012ರಲ್ಲಿ ರೆಡಿಟ್‌ನಲ್ಲಿ 'ವಾಲ್‌ಸ್ಟ್ರೀಟ್‌ಬೆಟ್ಸ್' ಎಂಬ ಷೇರು ಚರ್ಚೆಯ ಗುಂಪು ಕಟ್ಟಿದರು. 2020ರ ಮಾರ್ಚ್‌ನಲ್ಲಿ ಆ ಹೆಸರಿನ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದರು. ಮರುತಿಂಗಳೇ ರೆಡಿಟ್ ಅವರನ್ನು ಗುಂಪಿನ ಉಸ್ತುವಾರಿಯಿಂದ ತೆಗೆಯಿತು. ಅರ್ಜಿ ಹಾಕಿದ್ದೇ ಕಾರಣ ಎಂದು ಅವರು, ಗುಂಪಿನಿಂದ ಹಣ ಮಾಡಲು ಹೊರಟು ನಿಯಮ ಮುರಿದರು ಎಂದು ಕಂಪನಿ ವಾದಿಸಿದವು. 2023ರಲ್ಲಿ ಅವರು ಹೂಡಿದ ದಾವೆ ವಜಾ ಆಯಿತು. 2025ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಗುಂಪು ಸೃಷ್ಟಿಸಿದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ ಎಂಬುದು ತೀರ್ಪಿನ ಸಾರ.

ನಮ್ಮ ದೇಶದಲ್ಲಿ?

ಆ ತೀರ್ಪು ಇಲ್ಲಿನ ಕೋರ್ಟ್‌ಗಳಿಗೆ ಅನ್ವಯಿಸುವುದಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ, ವ್ಯಾಪಾರದಲ್ಲಿ ಹೆಸರನ್ನು ಮೊದಲು ಬಳಸಿದವರಿಗೆ ರಕ್ಷಣೆ ಕೊಡುತ್ತದೆ. ವೆಬ್ ವಿಳಾಸದ ಹೆಸರಿಗೂ ಇಂಥ ರಕ್ಷಣೆ ಇದೆ ಎಂದು ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ.

ಆದರೆ ಬಳಕೆಯ ಜೊತೆಗೆ ನೋಂದಣಿಯೂ ಮುಖ್ಯ. 'ಕೆಎಸ್‌ಆರ್‌ಟಿಸಿ' ಹೆಸರಿಗಾಗಿ ಕರ್ನಾಟಕ ಮತ್ತು ಕೇರಳದ ಸಾರಿಗೆ ನಿಗಮಗಳು ವರ್ಷಗಟ್ಟಲೆ ಕಿತ್ತಾಡಿದವು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು, ಕರ್ನಾಟಕದ ನೋಂದಣಿ ಉಳಿಯಿತು.

ಅಡ್ಮಿನ್‌ಗಳು ಏನು ಮಾಡಬೇಕು?

• ವಿಶಿಷ್ಟ ಹೆಸರು ಆರಿಸಿ. 'ಪೋತ್ನಾಳ ಭತ್ತದ ರೇಟು' ಎಂಬಂತೆ ಊರು, ಸರಕನ್ನಷ್ಟೇ ಹೇಳುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ.

• ವ್ಯಾಪಾರದ ಯೋಚನೆ ಇದ್ದರೆ ಬೇಗ ನೋಂದಾಯಿಸಿ. ವ್ಯಕ್ತಿಗಳು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷ ಇರುತ್ತದೆ, ನವೀಕರಿಸಬಹುದು.

• ಆ ಹೆಸರಿನ ಬಿಲ್, ಬೋರ್ಡ್, ಜಾಹೀರಾತುಗಳನ್ನು ದಿನಾಂಕ ಸಹಿತ ಜೋಪಾನ ಮಾಡಿ.

• ಜೊತೆಗಾರ ಅಡ್ಮಿನ್‌ಗಳೊಂದಿಗೆ ಹೆಸರು ಯಾರದ್ದು ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ನಮ್ಮ ತೀರ್ಮಾನ

ಅಡ್ಮಿನ್ ಆಗಿರುವುದು ಗುಂಪು ನಡೆಸಲು ಕಂಪನಿ ಕೊಟ್ಟ ಅನುಕೂಲ, ಅದು ಮಾಲೀಕತ್ವದ ಪತ್ರವಲ್ಲ. ಹೆಸರು ನಿಮ್ಮದಾಗಬೇಕಾದರೆ ಅದನ್ನು ಆ್ಯಪ್‌ನ ಹೊರಗೂ ಬಳಸಿ, ನೋಂದಾಯಿಸಿ.